ಜಾಮ್ ಬಾಟಲಿ, ಮಾತ್ರೆ ಸ್ಟ್ರಿಪ್ಪು, ಗ್ಯಾಸ್ ಕ್ಯಾಪು... ಇದನ್ನೆಲ್ಲಾ ನೀವು ಹೆಂಗ್ರೀ ತೆಗೀತೀರಾ?

ವಿಜಯನಗರ_ವಾಸಿ

ಪ್ರಶ್ನೆ ಮೊದ್ಲು ಕೇಳ್ಬಿಡ್ತೀನಿ, ಗೋಳು ಆಮೇಲೆ. ಕೈಯಲ್ಲಿ ಅಷ್ಟು ಶಕ್ತಿ ಇಲ್ದೇ ಇರೋರು ಮನೇಲಿ ಒಬ್ರೇ ಇದ್ದಾಗ ಜಾಮ್ ಬಾಟಲಿ ಮುಚ್ಚಳ, ಎಣ್ಣೆ ಬಾಟಲಿ ಒಳಗಿನ ಸೀಲು, ಮಾತ್ರೆ ಸ್ಟ್ರಿಪ್ಪು, ಸಿಲಿಂಡರ್ ಮೇಲಿನ ಕ್ಯಾಪು ಇವನ್ನ ತೆಗೆಯೋಕೆ ನಿಜವಾಗ್ಲೂ ಕೆಲಸ ಮಾಡೋ ಉಪಾಯ ಏನಾದ್ರೂ ಇದ್ಯಾ? ವಾಟ್ಸಾಪ್‌ನಲ್ಲಿ ಓಡಾಡೋ ವಿಡಿಯೋ ಬೇಡ, ನೀವೇ ಮಾಡಿ ನೋಡಿರೋದು ಹೇಳಿ.

ನಮ್ಮಮ್ಮಂಗೆ 68 ವರ್ಷ, ಹೆಬ್ಬೆರಳ ಬುಡದ ಕೀಲು ಸವೆದಿದೆ ಅಂತ ಡಾಕ್ಟ್ರು ಹೇಳಿದಾರೆ. ಚಪಾತಿ ಹಿಟ್ಟು ಕಲಸ್ತಾರೆ, ತರಕಾರಿ ಹೆಚ್ತಾರೆ, ಆದ್ರೆ ಹಿಡಿದು ತಿರುಗಿಸೋದು ಮತ್ತೆ ಚಿವುಟಿ ಎಳೆಯೋದು ಇವೆರಡು ಆಗಲ್ಲ. ಈಗ ಅಂಗಡಿಯಿಂದ ತರೋ ಯಾವ ಸಾಮಾನು ನೋಡಿದ್ರೂ ಒಂದಾ ತಿರುಗಿಸ್ಬೇಕು ಇಲ್ಲಾ ಚಿವುಟಿ ಎಳೀಬೇಕು. ಎಣ್ಣೆ ಬಾಟಲಿ ಮುಚ್ಚಳ ತೆಗೆದ್ರೆ ಒಳಗೊಂದು ಪ್ಲಾಸ್ಟಿಕ್ ಉಂಗುರ, ಅದನ್ನ ಎಳೆದ್ರೆ ಉಂಗುರ ಮಾತ್ರ ಕೈಗೆ ಬರುತ್ತೆ ಸೀಲು ಅಲ್ಲೇ ಕೂತಿರುತ್ತೆ. ಮಸಾಲೆ ಪ್ಯಾಕೆಟ್ ಮೇಲೆ ಕತ್ತರಿ ಚಿತ್ರ ಹಾಕಿ ಚುಕ್ಕೆ ಗೆರೆ ಎಳೆದಿರ್ತಾರೆ, ಆ ಗೆರೆ ಮೇಲೇ ಎಕ್ಸ್‌ಪೈರಿ ಡೇಟ್ ಪ್ರಿಂಟ್ ಮಾಡಿರ್ತಾರೆ, ಕತ್ತರಿಸಿದ್ ಮೇಲೆ ಡೇಟ್ ಕಸದ ಬುಟ್ಟಿಗೆ. ಇದನ್ನ ಮಾಡಿದೋನು ಮನೇಲಿ ಒಂದ್ ದಿನಾನಾದ್ರೂ ಅಡುಗೆ ಮಾಡಿದಾನಾ ಅನ್ಸುತ್ತೆ.

ನಾವಿಬ್ರೂ ಆಫೀಸಿಗೆ ಹೋದ್ಮೇಲೆ ಅಮ್ಮ ಪಕ್ಕದ್ಮನೆ ಹುಡುಗನ್ನ ಕರೀತಾರೆ. ಅವನು ಎಲ್ಲಾದನ್ನೂ ಹಲ್ಲಲ್ಲಿ ಕಚ್ಚಿ ತೆಗೀತಾನೆ. ಅಮ್ಮಂಗೆ ಎಂಜಲು ಅಂತ ಅದೂ ಒಂದು ಸಂಕಟ, ಬಾಯ್ಬಿಟ್ಟು ಹೇಳೋಕೂ ಆಗಲ್ಲ.

ಬಸವನಗುಡಿ_ಫಿಲ್ಟರ್

ಜಾಮ್ ಬಾಟಲಿ ನಾನು ಹೇಳ್ತೀನಿ, ಉಳಿದಿದ್ದು ಬೇರೆಯೋರು ನೋಡ್ಕೊಳ್ಳಲಿ.

ತಿರುಗಿಸೋಕೇ ಹೋಗ್ಬೇಡಿ. ಆ ಮುಚ್ಚಳ ಟೈಟ್ ಆಗಿರೋದು ಯಾರೋ ಜೋರಾಗಿ ತಿರುಗಿಸಿದಾರೆ ಅಂತಲ್ಲ. ಜಾಮು, ಸಾಸು ಬಿಸಿ ಇರೋವಾಗ್ಲೇ ತುಂಬಿ ಮುಚ್ತಾರೆ, ತಣ್ಣಗಾದಾಗ ಒಳಗಿನ ಆವಿ ನೀರಾಗಿ ಗಾಳಿ ಒತ್ತಡ ಕಮ್ಮಿ ಆಗುತ್ತೆ, ಹೊರಗಿನ ಗಾಳಿ ಮುಚ್ಚಳವನ್ನ ಕೆಳಕ್ಕೆ ಅದುಮಿ ಹಿಡ್ಕೊಂಡಿರುತ್ತೆ. 63 ಮಿಲಿಮೀಟರ್ ಅಗಲದ ಮುಚ್ಚಳ ಅಂದ್ರೆ 31 ಚದರ ಸೆಂಟಿಮೀಟರ್ ಆಯ್ತು, ಒಳಗೆ ಹೊರಗೆ ಅರ್ಧ ವಾತಾವರಣದಷ್ಟು ವ್ಯತ್ಯಾಸ ಇದೆ ಅಂದ್ಕೊಂಡ್ರೂ ಮುಚ್ಚಳದ ಮೇಲೆ 15 ಕೆಜಿ ಭಾರ ಕೂತಂಗೆ. ನಿಮ್ಮಮ್ಮ ಒದ್ದಾಡ್ತಿರೋದು ಆ 15 ಕೆಜಿ ಜೊತೆ.

ಹಂಗಾಗಿ ಮೊದ್ಲು ಗಾಳಿ ಒಳಗೆ ಬಿಡ್ಬೇಕು. ಗಟ್ಟಿ ಸ್ಟೀಲ್ ಚಮಚದ ತುದಿಯನ್ನ ಮುಚ್ಚಳದ ಅಂಚಿನ ಕೆಳಗೆ ತೂರಿಸಿ ಹೊರಗಡೆಗೆ ಮೆಲ್ಲಗೆ ಮೀಟಿ. ಟಪ್ ಅಂತ ಒಂದು ಸದ್ದು ಬರುತ್ತೆ, ಮಧ್ಯದಲ್ಲಿ ತಗ್ಗಿದ್ದ ಭಾಗ ಮೇಲೆ ಬರುತ್ತೆ. ಆಮೇಲೆ ಮಗೂನೂ ತೆಗೆಯುತ್ತೆ. ಗಾಜಿನ ಕಡೆಗೆ ಒತ್ತಬೇಡಿ, ಬಾಯಿ ಚೂರಾದ್ರೆ ಇಡೀ ಬಾಟಲಿ ಎಸೀಬೇಕು.

ಇನ್ನು ಜೇನುತುಪ್ಪ, ಗೊಜ್ಜು ಇಂಥಾ ಬಾಟಲಿ ಒಂದ್ಸಲ ತೆಗೆದು ಮತ್ತೆ ಮುಚ್ಚಿದ್ದು ಅಂಟ್ಕೊಂಡಿದ್ರೆ ಅಲ್ಲಿ ನಿರ್ವಾತ ಗಿರ್ವಾತ ಏನಿಲ್ಲ, ಮುಚ್ಚಳ ತಿರುಗೋ ತಿರುಪಿನ ಸಂದಿಯಲ್ಲಿ ಸಕ್ಕರೆ ಒಣಗಿ ಗೋಂದಾಗಿರುತ್ತೆ ಅಷ್ಟೆ. ಬಾಟಲಿ ತಲೆಕೆಳಗು ಮಾಡಿ ಮುಚ್ಚಳ ಮಾತ್ರ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಡಿ. ಸಕ್ಕರೆ ಕರಗುತ್ತೆ, ಜೊತೆಗೆ ಗಾಜಿಗಿಂತ ತಗಡು ಜಾಸ್ತಿ ಹಿಗ್ಗೋದ್ರಿಂದ ಸಡಿಲಾನೂ ಆಗುತ್ತೆ. ಫ್ರಿಜ್‌ನಿಂದ ತೆಗೆದಿದ್ದನ್ನ ಸೀದಾ ಕುದಿಯೋ ನೀರಿಗೆ ಇಡೋಕೆ ಹೋಗ್ಬೇಡಿ, ಗಾಜು ಬಿರುಕು ಬಿಡುತ್ತೆ.

ಹಿಡಿತಕ್ಕೆ ಹಳೇ ಸೈಕಲ್ ಟ್ಯೂಬ್ ತುಂಡು. ಪಂಕ್ಚರ್ ಅಂಗಡೀಲಿ ಕೇಳಿದ್ರೆ ದುಡ್ಡೂ ತಗೊಳ್ಳಲ್ಲ. ಅಂಗೈ ಅಗಲ ಕತ್ತರಿಸಿ ಚೆನ್ನಾಗಿ ಸೋಪಲ್ಲಿ ತೊಳೆದು ಅಡುಗೆಮನೆ ಡ್ರಾಯರಲ್ಲಿ ಇಟ್ರೆ ವರ್ಷಗಟ್ಲೆ ಬರುತ್ತೆ.

ಅಂದಹಾಗೆ ಬೆಂಗಳೂರಿನವರಿಗೆ ಇದ್ರಲ್ಲಿ ಸ್ವಲ್ಪ ಅದೃಷ್ಟ ಇದೆ. ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೀವಿ, ಗಾಳಿ ಒತ್ತಡ ಚೆನ್ನೈಗಿಂತ ಹತ್ರ ಹತ್ರ 10% ಕಮ್ಮಿ, ಆದ್ರಿಂದ ಅದೇ ಬಾಟಲಿ ಇಲ್ಲಿ ಒಂಚೂರು ಸುಲಭ. ಅಲ್ಲಿ ಪ್ಯಾಕ್ ಆದ ಚಿಪ್ಸ್ ಪ್ಯಾಕೆಟ್ ಇಲ್ಲಿಗೆ ಬರೋ ಹೊತ್ತಿಗೆ ಊದ್ಕೊಂಡಿರೋದು, ಕೆಳಗಿನೂರಿಂದ ತಂದ ಲೋಷನ್ ಬಾಟಲಿ ಮೊದಲ ಸಲ ತೆಗೆದಾಗ ಪಿಚಕ್ ಅಂತ ಮುಖಕ್ಕೆ ಹಾರೋದು ಎಲ್ಲಾ ಅದಕ್ಕೇ.

ಕಿರಿಕ್_ಕಿಟ್ಟಿ

ಇಷ್ಟೊಂದು ಫಿಸಿಕ್ಸ್ ಯಾಕ್ ಗುರು, ಆನ್‌ಲೈನಲ್ಲಿ ಜಾರ್ ಓಪನರ್ ಸಿಗುತ್ತೆ ತಗೊಂಡ್ರೆ ಆಯ್ತು

ವಿಜಯನಗರ_ವಾಸಿ

@ಕಿರಿಕ್_ಕಿಟ್ಟಿ ತಗೊಂಡೆ ಸಾರ್. ಗಟ್ಟಿ ಪ್ಲಾಸ್ಟಿಕ್ ಚಿಪ್ಪಲ್ಲಿ ನಾಲ್ಕೂ ಕಡೆ ಅಂಟಿಸಿ ಕಳ್ಸಿದ್ರು. ಅದನ್ನ ಕತ್ತರಿಸೋಕೆ ಹೋಗಿ ನನ್ನ ಹೆಂಡ್ತಿ ಬೆರಳು ಕುಯ್ಕೊಂಡ್ಳು. ಓಪನರ್ ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ, ಆದ್ರೆ ಅಮ್ಮ ಈಗ ಅದನ್ನ ಕಂಡ್ರೆ ಅಪಶಕುನ ಅಂತಾರೆ.

@ಬಸವನಗುಡಿ_ಫಿಲ್ಟರ್ ಸಾರ್ ಚಮಚದ್ದು ಇವತ್ತೇ ಹೇಳ್ಕೊಡ್ತೀನಿ.

ಪೀಣ್ಯ_ಸೆಕೆಂಡ್_ಸ್ಟೇಜ್

ನಾನು ಪ್ಯಾಕಿಂಗ್ ಲೈನಲ್ಲಿ ಕೆಲ್ಸ ಮಾಡೋನು, ಕಂಪನಿ ಹೆಸರು ಬೇಡ. ನೀವು ಬೈತಿರೋ ಜನ ನಾವೇ, ಅದಕ್ಕೆ ಒಂದಿಷ್ಟು ಒಳಗಿನ ವಿಷ್ಯ ಹೇಳ್ತೀನಿ.

ಪೌಚ್ ಸೀಲ್ ಮಾಡೋ ಮಿಷನ್‌ನಲ್ಲಿ ಎರಡು ಬಿಸಿ ದವಡೆ ಇರುತ್ತೆ. ಎಷ್ಟು ಬಿಸಿ, ಎಷ್ಟು ಹೊತ್ತು ಒತ್ತಿ ಹಿಡೀಬೇಕು, ಎಷ್ಟು ಪ್ರೆಷರ್ ಈ ಮೂರರ ಮೇಲೆ ಸೀಲು ನಿಂತಿರೋದು. ಸರಿಯಾಗಿ ಸೆಟ್ ಮಾಡಿದ್ರೆ ಕೈಯಲ್ಲಿ ಬಿಡಿಸೋ ಥರ ಸೀಲ್ ಮಾಡ್ಬೋದು, ಅದಕ್ಕೆ ಬೇರೆ ಥರದ ಒಳಪದರ ಇರೋ ಫಿಲ್ಮೂ ಬರುತ್ತೆ, ಸ್ವಲ್ಪ ದುಡ್ಡು ಜಾಸ್ತಿ. ಆದ್ರೆ ಲಾರಿಯಲ್ಲಿ ಹೋಗಿ ಗೋಡೌನಲ್ಲಿ ಒಂದರ ಮೇಲೊಂದು ಪೇರಿಸಿ ಎತ್ತಿ ಹಾಕೋವಾಗ ಒಂದೆರಡು ಪ್ಯಾಕೆಟ್ ಲೀಕ್ ಆದ್ರೂ ಇಡೀ ಬಾಕ್ಸ್ ವಾಪಸ್ ಬರುತ್ತೆ, ಡೀಲರ್ ಕೂಗಾಡ್ತಾನೆ, ಮೇಲಿನವ್ರು ನಮ್ಮನ್ನ ಕೂಗಾಡ್ತಾರೆ. ನಾವೇನ್ಮಾಡ್ತೀವಿ? ಬಿಸಿ ಸ್ವಲ್ಪ ಏರಿಸ್ತೀವಿ. ಸೀಲು ಹೋಗಿ ವೆಲ್ಡಿಂಗ್ ಆಗುತ್ತೆ. ತೆಗೆಯೋಕಾಗ್ಲಿಲ್ಲ ಅಂತ ಪ್ಯಾಕೆಟ್ ವಾಪಸ್ ಕಳ್ಸಿದೋರನ್ನ ನಾನಂತೂ ನೋಡಿಲ್ಲ. ಲೀಕ್‌ಗೆ ಲೆಕ್ಕ ಇದೆ, ನಿಮ್ಮಮ್ಮನ ಬೆರಳಿಗೆ ಲೆಕ್ಕ ಇಲ್ಲ, ಇಷ್ಟೇ ವಿಷ್ಯ ಸಾರ್.

ಇನ್ನು ‘ಇಲ್ಲಿ ಹರಿಯಿರಿ’ ಅನ್ನೋದು. ಈ ಹೊಳಪು ಫಿಲ್ಮ್‌ಗಳನ್ನ ಮಾಡೋವಾಗ ಉದ್ದಕ್ಕೂ ಅಗಲಕ್ಕೂ ಎಳೆದು ಹಿಗ್ಗಿಸಿರ್ತಾರೆ. ಅದ್ರ ಗುಣ ಏನಪ್ಪಾ ಅಂದ್ರೆ ಅಂಚು ನೆಟ್ಟಗಿದ್ರೆ ಜಪ್ಪಯ್ಯ ಅಂದ್ರೂ ಹರಿಯಲ್ಲ, ಒಂದು ಸಣ್ಣ ಗಾಯ ಆಯ್ತೋ ಸರ್ರಂತ ಕೊನೇವರೆಗೂ ಹರಿದು ಒಳಗಿರೋದೆಲ್ಲಾ ನೆಲದ ಮೇಲೆ. ಆ ಗಾಯ ನಾವೇ ಮಾಡಿ ಕೊಡ್ಬೇಕು, ಅಂಚಲ್ಲಿ ಸಣ್ಣ ಕಚ್ಚು ಇರುತ್ತಲ್ಲ ಅದೇ. ಪಂಚ್ ಮೊಂಡಾಗಿದ್ರೆ ಕಚ್ಚು ಬೀಳಲ್ಲ, ಫಿಲ್ಮ್ ಒಂದು ಕಡೆ ಸರಿದಿದ್ರೆ ಬೇರೆ ಕಡೆ ಬೀಳುತ್ತೆ. ಜಿಪ್ ಇರೋ ಪೌಚ್ ಹರಿದಾಗ ಜಿಪ್ಪಿನ ಕೆಳಗೆ ಹರಿದೋಗೋದು ಇದಕ್ಕೇ. ಮನೇಲಿ ಮಾಡ್ಬೇಕಾದ್ದು ಇಷ್ಟೇ, ಎಳೀಬೇಡಿ, ಕತ್ತರಿಯಲ್ಲಿ ಅಂಚಿಗೆ ಅಕ್ಕಿ ಕಾಳಿನಷ್ಟು ಕಚ್ಚು ಹಾಕಿ, ಆಮೇಲೆ ಹರೀರಿ. ಉಗುರು ಕತ್ತರಿಸೋ ನೇಲ್ ಕಟರ್ ಇದಕ್ಕೆ ಸೂಪರ್, ಸಣ್ಣದು, ಶಕ್ತಿ ಬೇಡ. ಒಂದು ಹೊಸಾದು ತಂದು ಅಡುಗೆಮನೆಗೇ ಅಂತ ಇಡಿ.

ಗಟ್ಟಿ ಚಿಪ್ಪಿನ ಪ್ಯಾಕ್ ವಿಷ್ಯ ಬೇರೆ. ಅಂಗಡೀಲಿ ಮೊಳೆಗೆ ನೇತಾಕೋಕೆ, ಯಾರೂ ಒಳಗಿನ ಸಾಮಾನು ಜೇಬಿಗೆ ಇಳಿಸ್ಬಾರ್ದು ಅಂತ ಹುಟ್ಟಿದ್ದು ಅದು. ಆನ್‌ಲೈನಲ್ಲಿ ಮಾರೋದಕ್ಕೆ ಎರಡೂ ಬೇಕಿಲ್ಲ, ಕದಿಯೋನು ಇಲ್ಲ ಮೊಳೇನೂ ಇಲ್ಲ. ಅಮೆಜಾನ್‌ನೋರು 2008ರಲ್ಲೇ ಸುಲಭವಾಗಿ ತೆಗೆಯೋ ರಟ್ಟಿನ ಪ್ಯಾಕು ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ರು. ಆದ್ರೂ ತುಂಬಾ ಕಂಪನಿಗಳು ಅಂಗಡಿಗೊಂದು ಆನ್‌ಲೈನಿಗೊಂದು ಅಂತ ಎರಡು ಪ್ಯಾಕ್ ಮಾಡಲ್ಲ, ಖರ್ಚು. ಅದನ್ನ ಕತ್ತರಿಸ್ಬೇಕಾದ್ರೆ ಅಂಚಲ್ಲಿ ಕತ್ತರಿಸ್ಬೇಡಿ. ಹಿಂಭಾಗ ಚಪ್ಪಟೆ ಇರುತ್ತಲ್ಲ ಅಲ್ಲಿ ಕ್ಯಾನ್ ಓಪನರ್ ಓಡಿಸಿ, ಇಲ್ಲಾ ತಗಡು ಕತ್ತರಿಸೋ ಕತ್ತರಿ ಇದ್ರೆ ಅದು. ಎಸ್.ಪಿ. ರೋಡಲ್ಲಿ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತೆ.

ಮೆಡಿಕಲ್_ಶಾಪ್_ಅಣ್ಣ

ಮಾತ್ರೆ ಬಗ್ಗೆ ನಾನು ಹೇಳ್ಬೇಕು, ದಿನಾ ಅಂಗಡಿಗೆ ಬರೋ ಅಜ್ಜ ಅಜ್ಜೀರು ಇದನ್ನೇ ಕೇಳೋದು.

ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆ, ಹಿಂದೆ ತೆಳು ಹಾಳೆ ಇರೋದು ಗುಳ್ಳೆ ಕಡೆಯಿಂದ ಒತ್ತಿದ್ರೆ ಬರುತ್ತೆ. ಹೆಬ್ಬೆರಳಲ್ಲಿ ಆಗಲ್ಲ ಅಂದ್ರೆ ಸ್ಟ್ರಿಪ್ಪನ್ನ ಒಂದು ಲೋಟದ ಬಾಯಿ ಮೇಲೆ ಇಟ್ಟು ಚಮಚದ ಹಿಂಬದಿಯಲ್ಲಿ ಒತ್ತಿ, ಮಾತ್ರೆ ಲೋಟದೊಳಗೇ ಬೀಳುತ್ತೆ, ಸೋಫಾ ಕೆಳಗೆ ಹುಡುಕೋ ಕೆಲಸ ಇಲ್ಲ. ಎರಡೂ ಕಡೆ ತೆಳು ಹಾಳೆ ಅಂಟಿಸಿ ನಡುವೆ ಮಾತ್ರೆ ಇಟ್ಟಿರೋದು ಒತ್ತೋಕೆ ಅಲ್ಲ, ಅದನ್ನ ಹರೀಬೇಕು ಇಲ್ಲಾ ಕತ್ತರಿಸ್ಬೇಕು. ಮೂರನೇದು ಎರಡೂ ಕಡೆ ದಪ್ಪ ಅಲ್ಯೂಮಿನಿಯಂ, ಅಲು ಅಲು ಅಂತೀವಿ ನಾವು. ಇದೇ ಎಲ್ಲಕ್ಕಿಂತ ಗಟ್ಟಿ. ತೇವ, ಬೆಳಕು ತಾಗಿದ್ರೆ ಕೆಡೋ ಮಾತ್ರೆಗಳಿಗೆ ಅದನ್ನ ಹಾಕ್ತಾರೆ. ಅದಕ್ಕೇ ಹೇಳ್ತೀನಿ, ಭಾನುವಾರ ಕೂತು ವಾರದ್ದೆಲ್ಲಾ ಬಿಡಿಸಿ ಡಬ್ಬಿಗೆ ಹಾಕಿಡೋ ಮುಂಚೆ ನಿಮ್ಮ ಡಾಕ್ಟ್ರನ್ನೋ ಅಂಗಡಿಯವರನ್ನೋ ಒಂದ್ಮಾತು ಕೇಳಿ, ಕೆಲವು ಮಾತ್ರೆ ಹಂಗಿಡೋಕಾಗಲ್ಲ. ಬೇಕಾದ್ರೆ ಸ್ಟ್ರಿಪ್ಪನ್ನ ಗುಳ್ಳೆ ಒಡೀದಂಗೆ ಒಂದೊಂದೇ ತುಂಡು ಮಾಡಿ ಡಬ್ಬಿಗೆ ಹಾಕಿ, ತುಂಡಿನ ಚೂಪು ಮೂಲೆ ದುಂಡಗೆ ಕತ್ತರಿಸಿ. ತಮಾಷೆ ಅಲ್ಲ, ಕಣ್ಣು ಮಂಜಾದ ಹಿರಿಯರು ಕವರ್ ಸಮೇತ ನುಂಗಿ ಗಂಟಲಿಗೆ ಸಿಕ್ಕಾಕ್ಕೊಂಡಿರೋದು ಇದೆ, ಆದ್ರಿಂದ ಕಣ್ಣು ಸರಿ ಇಲ್ದೋರಿಗೆ ಈ ಉಪಾಯ ಬೇಡ.

ಇನ್ನೊಂದು, ಬ್ಯಾಚ್ ನಂಬರು ಎಕ್ಸ್‌ಪೈರಿ ಇರೋ ತುದಿಯನ್ನ ಕೊನೇಗೆ ಉಳಿಸಿ. 2023ರ ಆಗಸ್ಟ್‌ನಿಂದ 300 ಬ್ರಾಂಡ್ ಔಷಧಿಗಳಿಗೆ ಕ್ಯೂಆರ್ ಅಥವಾ ಬಾರ್ ಕೋಡ್ ಕಡ್ಡಾಯ ಮಾಡಿದಾರೆ, ಕೆಲವರು ಮೊದಲ ದಿನವೇ ಅದಿರೋ ಮೂಲೆಯಿಂದ್ಲೇ ಶುರು ಮಾಡ್ತಾರೆ.

ಸೀಲು ಯಾಕಪ್ಪಾ ಇಷ್ಟೊಂದು ಅಂತ ಬೈಯೋರಿಗೆ ಒಂದು ಹಳೇ ಕಥೆ. 1982ರಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಯಾರೋ ಅಂಗಡಿಯಲ್ಲಿದ್ದ ಟೈಲೆನಾಲ್ ಅನ್ನೋ ನೋವಿನ ಔಷಧಿ ಕ್ಯಾಪ್ಸೂಲ್ ಬಾಟಲಿಗಳಿಗೆ ಸೈನೈಡ್ ಬೆರೆಸಿ ಇಟ್ಬಿಟ್ರು. 7 ಜನ ಸತ್ತೋದ್ರು, ಮಾಡಿದೋನು ಸಿಗಲೇ ಇಲ್ಲ. ಅದಾದ್ಮೇಲೆ ಅಲ್ಲಿ ಮುಟ್ಟಿದ್ರೆ ಗೊತ್ತಾಗೋ ಥರದ ಸೀಲು ಕಾನೂನಾಯ್ತು. ಮುಚ್ಚಳದ ಒಳಗಿನ ಅಲ್ಯೂಮಿನಿಯಂ ಹಾಳೆ, ಕುತ್ತಿಗೆಗೆ ಸುತ್ತಿದ ಪ್ಲಾಸ್ಟಿಕ್ ಇವೆಲ್ಲಾ ಅಷ್ಟೊಂದು ಹಬ್ಬಿದ್ದಕ್ಕೆ ಆ ಘಟನೆ ದೊಡ್ಡ ಕಾರಣ. ಸೀಲು ಇರ್ಲೇಬೇಕು. ಹಿಡಿದು ಎಳೆಯೋಕೆ ಸೀಲಿಗೆ ಒಂದು ಕಿವಿ ಇಡಿ ಅಷ್ಟೇ ಕೇಳೋದು ನಾವು.

ಆ ಹಾಳೆ ಬರ್ದೇ ಇದ್ರೆ ಹೆಬ್ಬೆರಳಲ್ಲಿ ಚುಚ್ಚಬೇಡಿ, ಅಂಚು ಬ್ಲೇಡ್ ಥರ ಕುಯ್ಯುತ್ತೆ. ಚಾಕು ತುದಿಯಿಂದ ಅಂಚು ಹಿಡಿದು ಸುತ್ತ ಕುಯ್ದು ಎತ್ತಿ.

ಟಾಯ್ಲೆಟ್ ಕ್ಲೀನರ್ ಮುಚ್ಚಳ ಎರಡು ಕಡೆ ಒತ್ತಿ ತಿರುಗಿಸ್ಬೇಕಲ್ಲ, ಅದು ಬೇಕಂತ್ಲೇ ಕಷ್ಟ ಮಾಡಿರೋದು, ಮಕ್ಕಳ ಕೈಗೆ ಬರ್ಬಾರ್ದು ಅಂತ. ಅದು ಕಷ್ಟ ಅಂತ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದಿಡೋದನ್ನ ದಯವಿಟ್ಟು ಮಾಡ್ಬೇಡಿ. ದಯವಿಟ್ಟು.

ಮಲ್ಲೇಶ್ವರದ_ಅತ್ತೆ

ಎಲ್ರೂ ಸಿಲಿಂಡರ್ ಮರೆತುಬಿಟ್ರಲ್ಲಪ್ಪಾ.

ವಿಜಯನಗರದ ತಮ್ಮಾ, ನಿಮ್ಮಮ್ಮ ಸಿಲಿಂಡರ್ ಕ್ಯಾಪಿಗೆ ಕೈ ಹಚ್ಚೋದೇ ಬೇಡ. ಸಿಲಿಂಡರ್ ತಂದ ಹುಡುಗನ ಕೈಲೇ ಅಲ್ಲೇ ಬಾಗಿಲಲ್ಲಿ ಸೀಲ್ ತೆಗೆಸಿ, ಕ್ಯಾಪ್ ಎತ್ತಿಸಿ, ಒಳಗೆ ಕಪ್ಪು ರಬ್ಬರ್ ರಿಂಗ್ ಇದ್ಯಾ ಅಂತ ನೋಡಿಸಿ, ಲೀಕ್ ಚೆಕ್ ಮಾಡಿಸಿ, ಆಮೇಲೆ ಕ್ಯಾಪನ್ನ ಅದರ ಮೇಲೆ ಇಡಿಸ್ಕೊಳ್ಳಿ. ಅವರು ಅವಸರ ಮಾಡ್ತಾರೆ, ಮಾಡ್ಲಿ, ನೀವು ನಿಂತ್ಕೊಳ್ಳಿ. ಕ್ಯಾಪ್ ಎಳೆದು ತೆಗೆಯೋಕೆ ಇರೋ ಆ ಬಿಳೀ ದಾರ ಕಿತ್ತೋಗಿದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟೋದು ನಮ್ಮ ಬೀದೀಲಿ ಎಲ್ರೂ ಮಾಡ್ತಾರೆ, ನನಗೆ ನೋಡಿದ್ರೇ ಎದೆ ಝಲ್ ಅನ್ನುತ್ತೆ. ಏಜೆನ್ಸಿಗೆ ಫೋನ್ ಮಾಡಿ ಜನ ಕಳಿಸಿ ಅನ್ನಿ. ವಾಸನೆ ಬಂದ್ರೆ ಸ್ವಿಚ್ ಮುಟ್ಟದೆ ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಮಾಡಿ, ಅದು ಗ್ಯಾಸ್ ಲೀಕಿಗೇ ಇರೋ ನಂಬರು.

ಅಕ್ಕಿ ಮೂಟೆ ಹೊಲಿಗೆ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ ಕೇಳಿ, ಯಾಕಂದ್ರೆ ಇದು ಬಂದ್ರೆ ಎಷ್ಟು ಖುಷಿ ಅಂತೀರಾ. ಅದು ಸರಪಣಿ ಹೊಲಿಗೆ. ಹೊಲಿದು ಮುಗಿಸಿದ ತುದಿಯಿಂದ ಎಳೆದ್ರೆ ಮಾತ್ರ ಬಿಚ್ಚುತ್ತೆ, ಶುರು ಮಾಡಿದ ತುದಿಯಿಂದ ಎಳೆದ್ರೆ ಬಿಗಿಯುತ್ತೆ. ಒಂದು ತುದೀಲಿ ಜೋತಾಡೋ ದಾರ ಕತ್ತರಿಸಿ ಮೆಲ್ಲಗೆ ಎಳೆದು ನೋಡಿ, ಬರ್ಲಿಲ್ವಾ, ಬಲವಂತ ಮಾಡದೆ ಇನ್ನೊಂದು ತುದಿಗೆ ಹೋಗಿ. ಬಂತು ಅಂದ್ರೆ ಟರ್ರ್ ಅಂತ ಇಡೀ ಮೂಟೆ ಬಾಯಿ ಬಿಡುತ್ತೆ, ಚೀಲಕ್ಕೂ ಏನಾಗಲ್ಲ, ದಾರ ಮೊಗ್ಗು ಕಟ್ಟೋಕೆ ಇಟ್ಕೊಬೋದು. ಮೂಟೆಗೆ ಚಾಕು ಹಾಕೋರನ್ನ ಕಂಡ್ರೆ ನನಗಾಗಲ್ಲ.

ಹಾಲಿನ ಪ್ಯಾಕೆಟ್ ನಾನು ಈಗ್ಲೂ ಈಳಿಗೆ ಮಣೇಲೇ ಕುಯ್ಯೋದು. ಮಣೆ ಮೇಲೆ ಮಂಡಿ ಊರಿ ಕೂತ್ರೆ ಎರಡೂ ಕೈ ಪ್ಯಾಕೆಟ್ ಹಿಡಿಯೋಕೆ ಖಾಲಿ ಇರುತ್ತೆ, ಬೆರಳಿಗೆ ಬಲ ಬೇಡ. ಆದ್ರೆ ನಿಮ್ಮಮ್ಮಂಗೆ ಮಂಡಿನೋವೂ ಇದ್ರೆ ಹೇಳಲ್ಲಪ್ಪ.

ಆಮೇಲೆ ಹೊಸ ಸ್ಟೀಲ್ ಪಾತ್ರೆ ಸ್ಟಿಕ್ಕರ್. ತಟ್ಟೆಯ ನಟ್ಟ ನಡುವೆ ಅಂಟಿಸಿರ್ತಾರೆ, ಉಗುರಲ್ಲಿ ಕೆರೆದು ಕೆರೆದು ಅರ್ಧ ಬಂದು ಅರ್ಧ ಉಳಿದು ಅದರ ಮೇಲೆ ಕೊಳೆ ಕೂತು ಕಪ್ಪಾಗಿ ವರ್ಷಗಟ್ಲೆ ಹಂಗೇ ಇರುತ್ತೆ. ಸ್ಟಿಕ್ಕರ್ ಒಳಗಡೆ ಇದ್ರೆ ಹೊರಗಡೆಯಿಂದ ಗ್ಯಾಸ್ ಸಣ್ಣ ಉರಿ ಮೇಲೆ ಒಂದು ಕ್ಷಣ ಹಿಡೀರಿ, ಗೋಂದು ಮೆತ್ತಗಾಗಿ ಇಡೀ ಎದ್ದು ಬರುತ್ತೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಬಿಟ್ಟು, ಬಟ್ಟೇಲಿ ಉಜ್ಜಿ, ಸೋಪಲ್ಲಿ ತೊಳೀರಿ. ಪ್ಲಾಸ್ಟಿಕ್ ಹಿಡಿ ಇರೋದನ್ನ ಉರಿಗೆ ಹಿಡೀಬೇಡಿ ಮತ್ತೆ.

ಹಸಿಕಸ_ಒಣಕಸ

ಅತ್ತೆ ಹಾಲಿನ ಪ್ಯಾಕೆಟ್ ವಿಷ್ಯ ಎತ್ತಿದ್ರಲ್ಲ, ಒಂದು ಕೋರಿಕೆ. ಮೂಲೆಯನ್ನ ಪೂರ್ತಿ ಕತ್ತರಿಸಿ ಬಿಸಾಕ್ಬೇಡಿ, ಒಂದೆಳೆ ಅಂಟ್ಕೊಂಡಿರೋ ಹಾಗೆ ಬಿಡಿ. ಹಾಲಿನ ಕವರ್ ಪಾಲಿಥೀನು, ತೊಳೆದು ಒಣಗಿಸಿ ಒಣಕಸಕ್ಕೆ ಹಾಕಿದ್ರೆ ಮರುಬಳಕೆಗೆ ಹೋಗುತ್ತೆ, ಆದ್ರೆ ಉಗುರಿನಷ್ಟು ಮೂಲೆ ತುಂಡನ್ನ ಯಾರೂ ಹೆಕ್ಕಲ್ಲ, ಸೀದಾ ಸಿಂಕಿನ ಮೂಲಕ ಚರಂಡಿಗೆ. ಬೆಂಗಳೂರಲ್ಲಿ ಒಂದೊಂದು ಮನೆಗೂ ದಿನಾ ಒಂದೆರಡು ಪ್ಯಾಕೆಟ್ ಬರುತ್ತೆ, ಲೆಕ್ಕ ನೀವೇ ಹಾಕ್ಕೊಳ್ಳಿ. ಗಟ್ಟಿ ಚಿಪ್ಪು ಕತ್ತರಿಸಿದ್ ಮೇಲೆ ಆ ಚೂಪು ತುಂಡನ್ನ ಪೇಪರಲ್ಲಿ ಸುತ್ತಿ ಕೊಡಿ. ಕಸ ವಿಂಗಡಿಸೋರು ಬರಿಗೈಯಲ್ಲಿ ತೆಗೆಯೋದು.

@ಪೀಣ್ಯ_ಸೆಕೆಂಡ್_ಸ್ಟೇಜ್ ಅಣ್ಣ ನಿಮ್ಮ ಮಾತು ಒಪ್ತೀನಿ ಆದ್ರೆ ‘ಯಾರೂ ವಾಪಸ್ ಕಳ್ಸಲ್ಲ’ ಅಂತ ನಮ್ಮ ಮೇಲೇ ಹಾಕ್ಬೇಡಿ. 20 ರೂಪಾಯಿ ಪ್ಯಾಕೆಟ್ ವಾಪಸ್ ಮಾಡೋಕೆ ಯಾರಿಗೆ ಟೈಮ್ ಇದೆ ಈ ಟ್ರಾಫಿಕ್ಕಲ್ಲಿ?

ಪೀಣ್ಯ_ಸೆಕೆಂಡ್_ಸ್ಟೇಜ್

@ಹಸಿಕಸ_ಒಣಕಸ ಅಂಗಡಿಗೆ ಹೋಗ್ಬೇಡಿ ಮೇಡಂ, ಫೋನ್ ಮಾಡಿ ಸಾಕು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಪ್ರಕಾರ ದೂರು ಕೇಳೋರ ಹೆಸರು, ವಿಳಾಸ, ಫೋನ್ ನಂಬರು ಪ್ಯಾಕೆಟ್ ಮೇಲೆ ಇರ್ಲೇಬೇಕು. ಹಿಂದ್ಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತೆ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಬ್ಯಾಚ್ ನಂಬರ್ ಹೇಳಿ, ‘ಕಚ್ಚು ಬಿದ್ದಿಲ್ಲ, ಸೀಲು ಬಿಡ್ತಿಲ್ಲ’ ಅಂತ ಬರೆಸಿ. ಬ್ಯಾಚ್ ಹಿಡ್ಕೊಂಡು ಕಂಪ್ಲೇಂಟ್ ಬಂತು ಅಂದ್ರೆ ಯಾವ ಮಿಷನ್ನು ಯಾವ ಶಿಫ್ಟು ಅಂತ ಕ್ವಾಲಿಟಿಯವರು ನಮ್ಹತ್ರ ಬರ್ತಾರೆ. ‘ತೆಗೆಯೋಕೆ ಕಷ್ಟ’ ಅಂತ ಮಾತ್ರ ಹೇಳಿದ್ರೆ ಅದು ಎಲ್ಲಿಗೂ ಹೋಗಲ್ಲ. ಅವ್ರು ಕೇಳ್ಲಿಲ್ಲ, ಕೈ ಗಾಯ ಆಯ್ತು, ದುಡ್ಡು ಹೋಯ್ತು ಅಂತಿದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಕಿರಿಕ್_ಕಿಟ್ಟಿ

ಅಂದ್ರೆ ಲೈನಲ್ಲಿ ಬಿಸಿ ಏರಿಸೋದೂ ನೀವೇ, ಕಂಪ್ಲೇಂಟ್ ಮಾಡಿ ಅಂತ ಐಡಿಯಾ ಕೊಡೋದೂ ನೀವೇ 😂

ಪೀಣ್ಯ_ಸೆಕೆಂಡ್_ಸ್ಟೇಜ್

ಹೌದು ಗುರು. ನಮ್ ಮನೇಲೂ ಅಡುಗೆ ಮಾಡ್ತಾರೆ.

ವಿಜಯನಗರ_ವಾಸಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಚಮಚದ ಉಪಾಯ ಅಮ್ಮಂಗೆ ಸಕತ್ ಹಿಡಿಸಿದೆ, ಆ ಟಪ್ ಸದ್ದು ಕೇಳೋಕೇ ಇದ್ದಬದ್ದ ಬಾಟಲಿ ಎಲ್ಲಾ ತೆಗೆದಿಟ್ಟಿದಾರೆ, ಈಗ ಫ್ರಿಜ್‌ನಲ್ಲಿ ಜಾಗ ಇಲ್ಲ. ನೇಲ್ ಕಟರ್ ದಾರಕ್ಕೆ ಕಟ್ಟಿ ಮಸಾಲೆ ಡಬ್ಬಿ ಪಕ್ಕ ಮೊಳೆಗೆ ನೇತಾಕಿದೀನಿ. ಲೋಟದ ಮೇಲೆ ಸ್ಟ್ರಿಪ್ ಇಡೋದು ಬಿಪಿ ಮಾತ್ರೆಗೆ ಆಯ್ತು, ಅಲು ಅಲುಗೆ ಆಗ್ಲಿಲ್ಲ, ಅದನ್ನ ಬೆಳಗ್ಗೆ ಹೋಗೋ ಮುಂಚೆ ಆವತ್ತಿಂದು ಮಾತ್ರ ನಾನೇ ಬಿಡಿಸಿ ಇಟ್ಟು ಹೋಗ್ತೀನಿ, ಅಂಗಡಿಯವರು ಒಂದು ದಿನಕ್ಕೆ ಪರವಾಗಿಲ್ಲ ಅಂದ್ರು. ಉಳಿದಿರೋದು ಎಣ್ಣೆ ಬಾಟಲಿ ಉಂಗುರ ಒಂದೇ.

ಮಲ್ಲೇಶ್ವರದ_ಅತ್ತೆ

ಉಂಗುರಕ್ಕೆ ಬೆರಳು ತೂರಿಸ್ಬೇಡಿ. ಚಮಚದ ಹಿಡಿ ತೂರಿಸಿ, ಬಾಟಲಿ ಬಾಯಿ ಅಂಚಿಗೆ ಆನಿಸಿ ಸನ್ನೆಕೋಲಿನ ಥರ ಕೆಳಗೆ ಅದುಮಿ, ಅಂಗೈ ಭಾರ ಸಾಕು. ಉಂಗುರ ಕಿತ್ತೇ ಹೋಗಿದ್ರೆ ಇಕ್ಕಳ. ಬಾಟಲಿನ ಸಿಂಕಲ್ಲಿ ಇಟ್ಕೊಂಡು ಮಾಡಿ, ಚೆಲ್ಲಿದ್ರೆ ಒರೆಸೋದು ತಪ್ಪುತ್ತೆ. ಅಲ್ಲಾ, ಎಣ್ಣೆ ಗಾಣದ ಅಂಗಡೀಲಿ ಕ್ಯಾನ್ ತಗೊಂಡ್ ಹೋಗಿ ತುಂಬಿಸ್ಕೊಂಡು ಬಂದ್ರೆ ಈ ಸೀಲೇ ಇರಲ್ಲ, ನಮ್ಮ ಕಡೆ ಎರಡು ಗಾಣ ಇದೆ, ನಿಮ್ಮ ವಿಜಯನಗರದಲ್ಲೂ ಇರ್ಬೇಕು ನೋಡಪ್ಪ.